ಲಿಖಿತ ಪಾಠವೊಂದೇ ಸಾಲದು

ತರಗತಿಯ ಪ್ರಯೋಗಗಳನ್ನು ಅಭ್ಯಸಿಸಲು ಮಕ್ಕಳ ಮಾತಿನ ಲಿಖಿತ ಪಾಠವೇ ಸಾಕು, ವಿಡಿಯೊ ಮತ್ತು ತಂತ್ರಾಂಶ ಹಳ್ಳಿ ಶಾಲೆಗೆ ದುಬಾರಿ ಎಂದು ಕಳೆದ ವಾರದ ಲೇಖನವೊಂದು ವಾದಿಸಿದೆ. ಇದನ್ನು ಒಪ್ಪಲಾಗದು.

ಈ ಪ್ರಯೋಗವನ್ನೇ ನೋಡಿ: ತಟ್ಟೆಯ ನೀರಿನಲ್ಲಿ ಉರಿಯುವ ಮೇಣದಬತ್ತಿ, ಅದರ ಮೇಲೆ ಬೋರಲು ಹಾಕಿದ ಗಾಜಿನ ಲೋಟ. ಹನುಮಸಾಗರದ ಹುಡುಗಿಯೊಬ್ಬಳು ‘ಈಗ ಏರಾಕತ್ತೈತಿ ನೋಡ್ರಿ ಸರ್’ ಎಂದಳೆನ್ನಿ. ಎಷ್ಟು ಹೊತ್ತಿಗೆ ಎಂದಳು? ಹಾಳೆ ಹೇಳುವುದಿಲ್ಲ. ವಿಡಿಯೊ ಹೇಳುತ್ತದೆ: ಲೋಟ ಮುಚ್ಚಿದಾಗ ಅಂಚಿನಿಂದ ಗುಳ್ಳೆಗಳು ಹೊರಬೀಳುತ್ತವೆ; ನೀರು ರಭಸದಿಂದ ಏರುವುದು ಬತ್ತಿ ಆರಿದ ಮೇಲೆ. ಕಾದ ಗಾಳಿ ತಣಿದು ಕುಗ್ಗುವುದೇ ಮುಖ್ಯ ಕಾರಣ. ಆಮ್ಲಜನಕ ಖಾಲಿಯಾಗಿ ನೀರು ಏರಿತೆಂಬ ಬಾಯಿಪಾಠಕ್ಕೆ ಅಂಕ ಕೊಟ್ಟು, ಸರಿಯಾಗಿ ಕಂಡವಳನ್ನು ಕಡೆಗಣಿಸುವುದು ಅನ್ಯಾಯ.

ದುಬಾರಿ ಎಂಬುದೂ ಸರಿಯಲ್ಲ. ನೆದರ್‌ಲ್ಯಾಂಡ್ಸ್‌ನ ಮ್ಯಾಕ್ಸ್ ಪ್ಲಾಂಕ್ ಮನೋಭಾಷಾವಿಜ್ಞಾನ ಸಂಸ್ಥೆಯ ‘ಎಲಾನ್’ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಮಾತಿಗೊಂದು ಸಾಲು, ಕೈಸನ್ನೆಗೊಂದು, ನೀರಿನ ಮಟ್ಟಕ್ಕೊಂದು. ಎಲ್ಲವೂ ವಿಡಿಯೊದ ಕಾಲಕ್ಕೆ ಹೊಂದಿಕೊಳ್ಳುತ್ತವೆ. ಕನ್ನಡದಲ್ಲೇ ಬರೆಯಬಹುದು. ಶ್ರಮ ಹೆಚ್ಚು, ನಿಜ. ಮಾತನ್ನು ಯಂತ್ರವೇ ಬರೆದುಕೊಟ್ಟರೂ ಆ ಪಾಠವನ್ನು ಈ ಸೀಮೆಯ ಮಾತು ಬಲ್ಲವರು ತಿದ್ದಲೇಬೇಕು.

ಕುಷ್ಟಗಿ ತಾಲ್ಲೂಕಿನ ವಿಜ್ಞಾನ ಶಿಕ್ಷಕರೇ, ಪಾಲಕರ ಒಪ್ಪಿಗೆ ಪಡೆದು ಒಂದು ಪ್ರಯೋಗವನ್ನಾದರೂ ಹೀಗೆ ಪರೀಕ್ಷಿಸಿ ನೋಡಿ.