ಹತ್ತರ ನಾಣ್ಯಕ್ಕೆ ಗಡಿಪಾರು

ರೂಪಾಯಿ ಚಿಹ್ನೆ ಇದ್ದರೆ ಅಸಲಿ, ಇಲ್ಲದಿದ್ದರೆ ನಕಲಿ. ಹತ್ತು ಗೆರೆಯದು ನಡೆಯುತ್ತದೆ, ಹದಿನೈದು ಗೆರೆಯದು ನಡೆಯುವುದಿಲ್ಲ. ಹತ್ತು ರೂಪಾಯಿ ನಾಣ್ಯದ ಬಗೆಗಿನ ಈ ವದಂತಿಗೆ ಸುಮಾರು ಒಂದು ದಶಕದ ಆಯುಸ್ಸು. ಚಿಹ್ನೆಯನ್ನು 2011ರಲ್ಲಿ ಸೇರಿಸಿದ್ದರಿಂದ ಈ ವ್ಯತ್ಯಾಸವೆಂದು ರಿಸರ್ವ್ ಬ್ಯಾಂಕ್ 2016ರ ನವೆಂಬರಿನಲ್ಲೇ ತಿಳಿಸಿತ್ತು. ಚಲಾವಣೆಯಲ್ಲಿದ್ದ 14 ವಿನ್ಯಾಸಗಳೂ ಸಿಂಧುವೆಂದು 2018ರ ಜನವರಿಯಲ್ಲಿ ಮತ್ತೆ ಸ್ಪಷ್ಟಪಡಿಸಿತು. ಆದರೂ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಅಂಗಡಿಗಳಲ್ಲಿ ನನಗೆ ದೊರೆತ ಉತ್ತರ ಒಂದೇ: 'ಇಲ್ಲಿ ನಡೆಯಂಗಿಲ್ರೀ.' ಟೇಪು ಅಂಟಿಸಿದ, ಗಾಂಧೀಜಿಯ ಮುಖವೇ ಮಾಸಿಹೋದ ಹತ್ತರ ನೋಟು ಮಾತ್ರ ಅದೇ ಗಲ್ಲಾಪೆಟ್ಟಿಗೆಗೆ ಮರುಮಾತಿಲ್ಲದೆ ಇಳಿಯುತ್ತದೆ.

2011ರ ನಾಣ್ಯ ಕಾಯ್ದೆಯ 6ನೆಯ ಕಲಮಿನಂತೆ ಒಂದು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ನಾಣ್ಯಗಳು 1,000 ರೂಪಾಯಿಯವರೆಗಿನ ಪಾವತಿಗೆ ಸಿಂಧು. ನಾಣ್ಯ ಕರಗಿಸಿದವನಿಗೆ ಏಳು ವರ್ಷದವರೆಗೆ ಸಜೆ ವಿಧಿಸುವ ಈ ಕಾಯ್ದೆ, ಅದನ್ನು ನಿರಾಕರಿಸಿದವನಿಗೆ ಯಾವ ದಂಡವನ್ನೂ ಹೇಳುವುದಿಲ್ಲ. ಅಂಥವನ ಮೇಲೆ ರಾಜದ್ರೋಹದ ಮೊಕದ್ದಮೆ ಹೂಡಬಹುದೆಂಬುದು ಇನ್ನೊಂದು ವದಂತಿ, ಅಷ್ಟೆ. ಸಿಂಧುತ್ವವೆಂದರೆ ಬಾಕಿ ತೀರಿಸುವ ಹಕ್ಕು; ಸಾಮಾನು ಮಾರಲೇಬೇಕೆಂದು ಅದು ಯಾರನ್ನೂ ಕಟ್ಟಿಹಾಕದು.

ನಾಣ್ಯದ ತೊಡಕು ಈ ಸೀಮೆಗೆ ಹೊಸದಲ್ಲ. ರಾಯಚೂರು ಜಿಲ್ಲೆ ನಿಜಾಮರ ಸಂಸ್ಥಾನದಲ್ಲಿದ್ದಾಗ ಇಲ್ಲಿ ಓಡುತ್ತಿದ್ದದ್ದು ಚಾರ್‌ಮಿನಾರಿನ ಚಿತ್ರವಿದ್ದ ಹಾಲಿ ಸಿಕ್ಕಾ. 1918ರಿಂದ ಹೊರಬಂದ ಆ ಸಂಸ್ಥಾನದ ನೋಟುಗಳಲ್ಲಿ ಉರ್ದುವಿನೊಡನೆ ಕನ್ನಡದಲ್ಲೂ ಮೌಲ್ಯ ಮುದ್ರಿತವಾಗುತ್ತಿತ್ತು. ಹೈದರಾಬಾದು 1948ರಲ್ಲಿ ಭಾರತಕ್ಕೆ ಸೇರಿದ ಮೇಲೂ ಹಾಲಿ ಸಿಕ್ಕಾ ಒಮ್ಮೆಗೇ ಕಣ್ಮರೆಯಾಗಲಿಲ್ಲ. ಏಳು ಹಾಲಿ ರೂಪಾಯಿಗೆ ಆರು ಭಾರತೀಯ ರೂಪಾಯಿ ಎಂಬ ದರದಲ್ಲಿ ಎರಡೂ ಜತೆಯಾಗಿ ನಡೆದು, 1959ರಲ್ಲಷ್ಟೇ ಹಾಲಿ ಸಿಕ್ಕಾ ಪೂರ್ಣ ರದ್ದಾಯಿತು. ಎರಡು ಸರ್ಕಾರಗಳ ಹಣವನ್ನು ಏಳಕ್ಕೆ ಆರರಂತೆ ಲೆಕ್ಕಹಾಕಿ ವ್ಯವಹರಿಸಿದ ನೆಲದಲ್ಲಿ ಇಂದು ಒಂದೇ ಸರ್ಕಾರದ ಒಂದೇ ನಾಣ್ಯ ಓಡದು!

ಇದಕ್ಕೆ ಅಂಗಡಿಯವನ ಅಜ್ಞಾನವೇ ಕಾರಣವೆನ್ನಲು ನಾನು ಒಪ್ಪುವುದಿಲ್ಲ. ತಾನು ಪಡೆದದ್ದನ್ನು ಸಗಟು ವ್ಯಾಪಾರಿ ಮುಟ್ಟುವುದಿಲ್ಲವೆಂಬುದು ಅವನ ಅಂಜಿಕೆ. ಬ್ಯಾಂಕಿನವರು ಚೀಲ ಕಂಡೊಡನೆ ನಾಳೆ ಬಾ ಎನ್ನುವರೆಂಬುದು ಸಗಟು ವ್ಯಾಪಾರಿಯ ಅಂಜಿಕೆ. ಬೇರೆಯವರು ಸ್ವೀಕರಿಸುವರೆಂಬ ನಂಬಿಕೆಯಿಂದಲೇ ಹಣ ಹಣವಾಗುತ್ತದೆ. ಆ ನಂಬಿಕೆ ಕಳಚಿದಾಗ ಒಬ್ಬೊಬ್ಬರ ವಿವೇಕವೂ ಸೇರಿ ಊರಿನ ಅವಿವೇಕವಾಗುತ್ತದೆ. ಒಂದೇ ಮುಖಬೆಲೆಗೆ 14 ಮುಖ ಕೊಟ್ಟ ಸರ್ಕಾರವೂ ಇದರಲ್ಲಿ ಪಾಲುದಾರ. ಸ್ಮರಣಾರ್ಥ ನಾಣ್ಯಗಳನ್ನು ಸಂಗ್ರಾಹಕರಿಗೆ ಮೀಸಲಿಟ್ಟು, ಸಂತೆಗೆ ಒಂದೇ ವಿನ್ಯಾಸ ಕಳುಹಿಸಬಹುದಿತ್ತು.

ನಷ್ಟ ಯಾರದು? ಮೊಬೈಲಿನಲ್ಲಿ ಪಾವತಿಸುವ ನನ್ನಂಥವರದಲ್ಲ. ಭತ್ತದ ಗದ್ದೆಯಲ್ಲಿ ನಾಟಿ ಮಾಡಿ ಕೂಲಿಯ ಚಿಲ್ಲರೆಯಲ್ಲಿ ಇಂಥ ನಾಲ್ಕು ನಾಣ್ಯ ಪಡೆದ ಹೆಣ್ಣುಮಗಳಿಗೆ ಅಂದು ನಲವತ್ತು ರೂಪಾಯಿ ಖೋತಾ. ಬೆಂಗಳೂರಿಗೆ ಹೋಗುವವರ ಕೈಗೆ ಕೊಟ್ಟು ಕಳಿಸಿದರೆ ಮಾತ್ರ ಅದಕ್ಕೆ ಮತ್ತೆ ಜೀವ.

ಪೊಲೀಸರ ಬೆದರಿಕೆಯಿಂದ ಇದು ಸರಿಹೋಗದು. ಸರ್ಕಾರಿ ಬಸ್ಸು, ಅಂಚೆ ಕಚೇರಿ, ನ್ಯಾಯಬೆಲೆ ಅಂಗಡಿಗಳು 'ಹತ್ತರ ನಾಣ್ಯ ಪಡೆಯುತ್ತೇವೆ' ಎಂದು ಫಲಕ ಹಾಕಿ ನಿಜಕ್ಕೂ ಪಡೆಯಬೇಕು. ನಾಣ್ಯ ನಿರಾಕರಿಸಬಾರದೆಂದು ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕಿನ ಆದೇಶ ಇದ್ದೇ ಇದೆ. ಸಂತೆಯ ಮರುದಿನ ಪ್ರತಿ ತಾಲ್ಲೂಕು ಕೇಂದ್ರದ ಒಂದು ಶಾಖೆಯಲ್ಲಿ ಎಣಿಕೆ ಯಂತ್ರವಿಟ್ಟು, ವ್ಯಾಪಾರಿಗಳ ಚೀಲಗಳನ್ನು ಅಂದೇ ಖಾತೆಗೆ ಜಮಾ ಮಾಡಿಸುವುದು ಜಿಲ್ಲಾಧಿಕಾರಿಗಳ ಒಂದು ಸಭೆಯಲ್ಲಿ ತೀರ್ಮಾನವಾಗಬಹುದಾದ ಕೆಲಸ.