ಭುಜದ ನೋವಿಗೆ ಬಾಧ್ಯರು ಯಾರು?

ಲಸಿಕೆ ಹಾಕಿಸಿಕೊಂಡ ಮರುದಿನ ತೋಳು ನೋಯುವುದು ಸಹಜ. ಆದರೆ ಸ್ನಾಯುವಿಗೆ ಇಳಿಯಬೇಕಾದ ಸೂಜಿ ತೀರಾ ಮೇಲೆ, ಭುಜದ ಕೀಲಿನ ಸಮೀಪ ಇಳಿದರೆ ತಿಂಗಳುಗಟ್ಟಲೆ ಕೈ ಎತ್ತಲಾಗದ ಸ್ಥಿತಿ ಉಂಟಾಗಬಹುದು. ಇದು ಅಪರೂಪವೇ ಸರಿ. ಆದರೆ ಕೌಜಲಗಿಯ ಕಬ್ಬಿನ ಹೊಲದಲ್ಲಿ ದಿನಗೂಲಿಗೆ ದುಡಿಯುವ ಹೆಣ್ಣುಮಗಳೊಬ್ಬಳಿಗೆ ಹೀಗಾದರೆ ಹೋಗುವುದು ಬರಿಯ ನೆಮ್ಮದಿಯಲ್ಲ, ಮನೆಯ ಒಲೆಯೂ ಆರುತ್ತದೆ. ಆಕೆ ಯಾರ ಬಾಗಿಲು ತಟ್ಟಬೇಕು?

ಅಮೆರಿಕದಲ್ಲಿ 1986ರ ಕಾಯ್ದೆಯಡಿ ಲಸಿಕೆಯಿಂದಾಗುವ ಹಾನಿಗೆಂದೇ ಪರಿಹಾರ ವ್ಯವಸ್ಥೆಯೊಂದನ್ನು ರೂಪಿಸಲಾಯಿತು. ಲಸಿಕೆಗಳ ಮೇಲಿನ ತೆರಿಗೆಯೇ ಅದರ ನಿಧಿ. 2017ರಲ್ಲಿ ಭುಜದ ಗಾಯವೂ ಅದರ ಪಟ್ಟಿಗೆ ಸೇರಿತು. ಮೊದಲು ತೊಂದರೆಯಿಲ್ಲದ ಭುಜದಲ್ಲಿ 48 ಗಂಟೆಯೊಳಗೆ ನೋವು ಆರಂಭವಾಗಿ, ಆರು ತಿಂಗಳಿಗೂ ಮೀರಿ ಉಳಿದರೆ ಪರಿಹಾರ ಕೋರಬಹುದು; ತಪ್ಪು ಯಾರದೆಂದು ಸಾಬೀತುಪಡಿಸಬೇಕಾಗಿಲ್ಲ.

ನಮ್ಮ ಸಂಸತ್ತು ಅಂಥ ಕಾನೂನನ್ನು ಮಾಡಿಲ್ಲ. ಹಣ ತೆತ್ತು ಖಾಸಗಿಯಲ್ಲಿ ಚುಚ್ಚಿಸಿಕೊಂಡವರು ಎರಡು ವರ್ಷದೊಳಗೆ ಗ್ರಾಹಕ ಆಯೋಗಕ್ಕೆ ಹೋಗಬಹುದು. ಎಲ್ಲರಿಗೂ ಉಚಿತ ಸೇವೆ ನೀಡುವ ಆಸ್ಪತ್ರೆಗಳನ್ನು 1995ರಲ್ಲೇ ಸುಪ್ರೀಂ ಕೋರ್ಟು ಗ್ರಾಹಕ ಕಾನೂನಿನಿಂದ ಹೊರಗಿಟ್ಟಿದೆ. ಅಂದರೆ ಬಡವರು ಸಾಲುಗಟ್ಟುವ ಕಡೆಯೇ ಆ ಬಾಗಿಲು ಮುಚ್ಚಿದೆ! ಕೋವಿಡ್ ಲಸಿಕೆಯ ಬಳಿಕ ಹೆಣ್ಣುಮಕ್ಕಳನ್ನು ಕಳೆದುಕೊಂಡ ಹೆತ್ತವರಿಗೆ 2022ರ ನವೆಂಬರಿನಲ್ಲಿ ಕೇಂದ್ರ ಸರಕಾರ ತೋರಿಸಿದ್ದು ಸಿವಿಲ್ ಕೋರ್ಟಿನ ದಾರಿಯನ್ನು. ನಿರ್ಲಕ್ಷ್ಯವನ್ನು ರುಜುವಾತುಪಡಿಸುವ ಹೊರೆ ಅಲ್ಲಿ ಫಿರ್ಯಾದಿಯದು.

ಅದೇ ವರ್ಷದ ಜನವರಿಯಲ್ಲಿ ನಮ್ಮದೇ ಜಿಲ್ಲೆಯ ರಾಮದುರ್ಗ ತಾಲೂಕಿನಲ್ಲಿ ದಡಾರ-ರುಬೆಲ್ಲಾ ಲಸಿಕೆಯ ನಂತರ ಮೂರು ಹಸುಳೆಗಳು ಅಸುನೀಗಿದವು. ಸಿಬ್ಬಂದಿಯ ಅಮಾನತಾಯಿತು. ಅಮಾನತು ಇಲಾಖೆಯ ಶಿಸ್ತುಕ್ರಮ. ಪರಿಹಾರ ನೊಂದವರ ಹಕ್ಕು. ಇವೆರಡನ್ನು ಒಂದೆಂದು ಭಾವಿಸುವ ರೂಢಿ ನಮ್ಮ ಆಡಳಿತಕ್ಕೆ ಹೇಗೆ ಬಂತೋ!

ಹಾಗೆಂದು ಲಸಿಕೆ ಬೇಡವೆಂಬುದು ನಮ್ಮ ವಾದವಲ್ಲ. ಈ ದೇಶ 2014ರಲ್ಲಿ ಪೋಲಿಯೋಮುಕ್ತವಾದದ್ದು ಲಸಿಕೆಯಿಂದಲೇ. ಆ ಹನಿಗಳ ಕುರಿತು ನಮ್ಮ ಮೊಹಲ್ಲಾಗಳಲ್ಲಿ ಹಬ್ಬಿದ್ದ ವದಂತಿಗಳನ್ನು ನಾವು ಮರೆತಿಲ್ಲ. ಗಾಯಗೊಂಡ ಒಬ್ಬರ ದೂರನ್ನು ಸರಕಾರ ಕಿವಿಗೆ ಹಾಕಿಕೊಳ್ಳದಿದ್ದರೆ ಹತ್ತು ಮನೆಗಳು ಲಸಿಕೆಯಿಂದ ದೂರ ಸರಿಯುತ್ತವೆ. ತಪ್ಪಿನ ಪುರಾವೆ ಕೇಳದ ಪರಿಹಾರ ಕಾನೂನನ್ನು ನಾವು ಒತ್ತಾಯಿಸುವುದು ಈ ಕಾರಣಕ್ಕೂ ಹೌದು.

ಅಲ್ಲಿಯವರೆಗೆ ನೊಂದವರು ಲಸಿಕೆಯ ಚೀಟಿಯನ್ನೂ ವೈದ್ಯರ ಮೊದಲ ಬರಹವನ್ನೂ ಜೋಪಾನವಾಗಿಡಲಿ. ಯಾವ ದಿನ, ಯಾವ ತೋಳು ಎಂಬುದನ್ನು ಬರೆದು ಆರೋಗ್ಯ ಕೇಂದ್ರಕ್ಕೆ ಕೊಟ್ಟು ಸ್ವೀಕೃತಿ ಪಡೆಯಲಿ. 1987ರ ಕಾನೂನು ಸೇವೆಗಳ ಕಾಯ್ದೆಯಡಿ ಮಹಿಳೆಯರಿಗೆ, ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಸರಕಾರಿ ಆಸ್ಪತ್ರೆಗಳು ಚಿಕಿತ್ಸೆ ನಿರಾಕರಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರಲ್ಲಿ ಜೀವಿಸುವ ಹಕ್ಕಿನ ಆಧಾರದಿಂದಲೇ ಪರಿಹಾರ ಕೊಡಿಸಿತ್ತು. ಆ ತೀರ್ಪನ್ನು ಹಿಡಿದು ಧಾರವಾಡದ ಹೈಕೋರ್ಟ್ ಪೀಠದ ಮೆಟ್ಟಿಲೇರಲು ನಮ್ಮ ಯುವ ವಕೀಲರು ಮುಂದೆ ಬರುವರೇ?