ಲೇಹ್‌ಗೆ ಒಂದೂಕಾಲು ಗಂಟೆ ಸಾಕೇ?

ರಜೆಯಲ್ಲಿ ಲಡಾಖ್‌ಗೆ ಹೊರಡುವವರು ಈಗ ನಮ್ಮ ಮನೆಗಳಲ್ಲೂ ಇದ್ದಾರೆ. ದೆಹಲಿಯಿಂದ ಲೇಹ್‌ಗೆ ವಿಮಾನದಲ್ಲಿ ಸುಮಾರು 620 ಕಿ.ಮೀ., ಒಂದೂಕಾಲು ಗಂಟೆ. ಮನಾಲಿ ರಸ್ತೆಯಲ್ಲಾದರೆ ಹತ್ತಿರ ಹತ್ತಿರ ಸಾವಿರ ಕಿ.ಮೀ., ಎರಡು-ಮೂರು ದಿನ. ಅಂಗಡಿಯಲ್ಲಿ ಬೆಳೆದ ನನಗೂ ಸಮಯ ಉಳಿದರೆ ಲಾಭವೇ. ಆದರೆ ಈ ಲೆಕ್ಕದಲ್ಲಿ ಎತ್ತರ ಬಿಟ್ಟುಹೋಗುತ್ತದೆ.

ಲೇಹ್ ನಿಲ್ದಾಣ ಇರುವುದು 3,256 ಮೀಟರ್ ಎತ್ತರದಲ್ಲಿ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ನಮ್ಮ ಕರಾವಳಿಯಲ್ಲಿ ಸಿಗುವುದರ ಮೂರರಲ್ಲಿ ಎರಡು ಪಾಲು. ಗಾಳಿ ತೆಳುವಾದರೆ ಎಂಜಿನ್ನಿನ ಬಲವೂ ರೆಕ್ಕೆ ಎತ್ತುವ ಶಕ್ತಿಯೂ ಕುಗ್ಗುತ್ತವೆ. ಅದಕ್ಕೇ ಅಲ್ಲಿಂದ ಏರುವ ವಿಮಾನಗಳಿಗೆ ಭಾರದ ಮಿತಿ. ಬಿಸಿಲು, ಗಾಳಿ ಜೋರಾಗುವ ಮೊದಲೇ ಬೆಳಿಗ್ಗೆ ಹೆಚ್ಚಿನ ಹಾರಾಟ. ಯಂತ್ರಕ್ಕೇ ಇಷ್ಟು ರಿಯಾಯಿತಿ ಇರುವಾಗ, ವಯಸ್ಸಾದ ಉಮ್ಮ-ಉಪ್ಪನ ಎದೆಗೆ ಬೇಡವೇ?

ಇಳಿದ ಮೇಲೆ ಎರಡು ದಿನ ಬರೀ ವಿಶ್ರಾಂತಿ ಇರಲಿ. ಹೃದಯದ, ಉಸಿರಿನ ತೊಂದರೆ ಇರುವವರು ಟಿಕೆಟ್‌ಗೆ ಮುಂಚೆ ಡಾಕ್ಟರನ್ನು ಕೇಳಲಿ. ಹವೆ ಕೆಟ್ಟರೆ ವಿಮಾನ ರದ್ದಾಗುವುದೂ ಉಂಟು. ಊರಿನ ವಿಮಾನವನ್ನು ಅದೇ ದಿನಕ್ಕೆ ಇಟ್ಟುಕೊಳ್ಳಬೇಡಿ. ಇದಕ್ಕೆಲ್ಲ ಜಾಗವಿಲ್ಲದ ನಾಲ್ಕು ದಿನದ ಪ್ಯಾಕೇಜ್ ಎಷ್ಟೇ ಅಗ್ಗವಿರಲಿ, ಹಿರಿಯರಿರುವ ಮನೆಗೆ ಅದು ನಷ್ಟದ ವ್ಯಾಪಾರ.